ಲೋವೆಟಾ ಟಕೆಟ್ ಕತ್ತರಿ ಹಿಡಿದು ಹಾಡಿದ ಮೊದಲ ಆಲ್ಬಂ

ಕೆಂಟಕಿಯ ಕಲ್ಲಿದ್ದಲು ಗಣಿಗಳ ಪಕ್ಕದ ಒಂದು ಊರಿನಲ್ಲಿ ಲೋವೆಟಾ ಟಕೆಟ್ ಇಪ್ಪತ್ತಾರು ವರ್ಷ ಗಂಡಸರ ತಲೆಗೂದಲು ಕತ್ತರಿಸಿದಳು. ಅವರನ್ನೇ ಗೇಲಿ ಮಾಡುವ ಹಾಡು ಕಟ್ಟಿ, ಅವರ ತಲೆ ಹಿಡಿದುಕೊಂಡೇ ಹಾಡುತ್ತಿದ್ದಳು. ಕಿವಿಯ ಪಕ್ಕ ಕತ್ತರಿ ಇರುವಾಗ ಯಾರು ತಾನೇ ಎದ್ದುಹೋಗುತ್ತಾರೆ?

೧೯೭೧ರ ಬೇಸಿಗೆಯಲ್ಲಿ ಕಾರು ಕೆಟ್ಟು ಆ ಊರಲ್ಲಿ ಸಿಕ್ಕಿಹಾಕಿಕೊಂಡ ಡಾಯ್ಲ್ ಪಿಂಕ್‌ಸ್ಟನ್ ಹೊತ್ತು ಕಳೆಯಲೆಂದು ಅವಳ ಕುರ್ಚಿಯಲ್ಲಿ ಕೂತ. ನ್ಯಾಶ್‌ವಿಲ್‌ನಲ್ಲಿ ಅವನದೊಂದು ಪುಟ್ಟ ರೆಕಾರ್ಡ್ ಕಂಪನಿಯಿತ್ತು. ಕುರ್ಚಿಯಿಂದ ಏಳುವಷ್ಟರಲ್ಲಿ, "ಹತ್ತು ಹಾಡಿನ ಆಲ್ಬಂ ಮಾಡೋಣ" ಅಂದುಬಿಟ್ಟ.

"ನಲವತ್ತೇಳಾಯ್ತು ನಂಗೆ."

"ರೇಡಿಯೋದಲ್ಲಿ ಸುಕ್ಕು ಕಾಣಲ್ಲ ಕಣಮ್ಮ."

ಗಣಿಯಲ್ಲಿ ದುಡಿಯುತ್ತಿದ್ದ ಗಂಡ ಹೋಬರ್ಟ್ ಮೂರು ದಿನ ರಜೆ ಹಾಕಿ ಅವಳನ್ನು ನ್ಯಾಶ್‌ವಿಲ್‌ಗೆ ಕರೆದೊಯ್ದ. ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಿಲ್ಲಿಸಿದ್ದೇ ತಡ, ಲೋವೆಟಾ ಹಾಡಿನ ಮೊದಲ ಸಾಲನ್ನೇ ಮರೆತಳು. ಕೈಗಳನ್ನು ಎಲ್ಲಿಡಬೇಕೆಂದೇ ತೋಚಲಿಲ್ಲ. ಗಿಟಾರು ಕೊಟ್ಟರು, ಉಚ್ಚೆ ಹೊಯ್ದ ಪಕ್ಕದ ಮನೆ ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡಳು. ಒಂದೇ ಹಾಡು ಏಳು ಸಲ ಕೆಟ್ಟಿತು.

ಕಾಫಿಗೆ ಬಿಟ್ಟಾಗ ಅವಳ ಕಣ್ಣು ಸ್ಟೀಲ್ ಗಿಟಾರಿನ ಕ್ಲೀಟಸ್ ಮೇಲೆ ಬಿತ್ತು. ಅವನು ಗಿಟಾರನ್ನು ಮುಂದೆ ಅಡ್ಡ ಮಲಗಿಸಿ, ಕೂತೇ ನುಡಿಸುವವನು. ಕೂದಲು ಮೂಗಿನ ತನಕ ಇಳಿದಿತ್ತು.

"ಅಯ್ಯೋ, ತಂತಿ ಹೇಗೋ ಕಾಣುತ್ತೆ ನಿಂಗೆ?" ಎನ್ನುತ್ತ ಚೀಲದಿಂದ ಕತ್ತರಿ ತೆಗೆದಳು. ಎರಡು ಕಚಕಚ ಆಗುವಷ್ಟರಲ್ಲಿ ಹಾಡು ತಾನಾಗಿ ಹೊರಟಿತು. ತಲೆ ಬಗ್ಗಿಸಿಕೊಂಡೇ ಕ್ಲೀಟಸ್ ನುಡಿಸತೊಡಗಿದ. ಡಾಯ್ಲ್ ಓಡಿಹೋಗಿ ಟೇಪು ಹಾಕಿಸಿದ.

"ಕತ್ತರಿ ಸದ್ದು ಬರ್ತಿದೆ ಸಾರ್," ಅಂದ ಯಂತ್ರದವನು.

"ಬರಲಿ ಬಿಡೋ. ಡ್ರಮ್‌ನವನಿಗಿಂತ ಅದೇ ತಾಳಕ್ಕೆ ಸರಿಯಾಗಿದೆ."

ಹಾಡಿನ ನಡುವೆ "ಅಲ್ಲಾಡ್ಬೇಡ!" ಎಂದು ಕ್ಲೀಟಸ್‌ನನ್ನು ಗದರಿದ್ದೂ ರೆಕಾರ್ಡಿನಲ್ಲಿ ಹಾಗೇ ಉಳಿಯಿತು. ಮೂರನೆಯ ದಿನದ ಹೊತ್ತಿಗೆ ವಾದ್ಯದವರೆಲ್ಲ ನೀಟಾಗಿದ್ದರು. ಡ್ರಮ್‌ನವನ ತಲೆ ಮೊದಲೇ ಬೋಳು. ಅವನ ಮೀಸೆ ಹೋಯಿತು. ಒಂದು ಹಾಡು ಉಳಿದಿತ್ತು, ಕತ್ತರಿಸಲು ತಲೆ ಉಳಿದಿರಲಿಲ್ಲ.

"ಹೋಬರ್ಟ್, ಬಾ ಇಲ್ಲಿ!" ಎಂದು ಕರೆದಳು.

ಅದು ಅವನ ಮೇಲೇ ಕಟ್ಟಿದ ಹಾಡೆಂದು ಪಾಪ, ಅವನಿಗೆ ಗೊತ್ತಿರಲಿಲ್ಲ. ಚರ್ಚಿನಲ್ಲಿ ಅವನು ಹೊಡೆಯುವ ಗೊರಕೆಗೆ ಪಾದ್ರಿ ಪ್ರಾರ್ಥನೆಯನ್ನೇ ಮರೆತ ಸಂಗತಿ ಬಂದಾಗ ಅವನು ತಡೆಯಲಾರದೆ, "ಒಂದೇ ಸಲ ಕಣೇ!" ಅಂದ. "ವಾರವಾರ!" ಎಂದು ಅವಳು ರಾಗ ಬಿಡದೆ ಉತ್ತರ ಕೊಟ್ಟಳು. ಕೊನೆಯ ಚರಣದಲ್ಲಿ, ಗಣಿ ಕುಸಿದು ಅವನು ಮನೆಗೆ ಬಾರದಿದ್ದ ಎರಡು ರಾತ್ರಿ ಆ ಗೊರಕೆಯಿಲ್ಲದೆ ತಾನು ಕಣ್ಣು ಮುಚ್ಚಲಿಲ್ಲವೆಂದು ಹಾಡಿದಳು. ಆ ಸಾಲಿಗೆ ಕತ್ತರಿ ನಿಂತಿತು.

ಆಲ್ಬಂ ಅಷ್ಟೇನೂ ಮಾರಾಟವಾಗಲಿಲ್ಲ. ಆದರೆ ಆ ಗೊರಕೆಯ ಹಾಡು ಕೆಂಟಕಿಯ ರೇಡಿಯೋಗಳಲ್ಲಿ ಚಳಿಗಾಲವಿಡೀ ಓಡಿತು. ಗಣಿಯ ಲಿಫ್ಟಿನಲ್ಲಿ ಜೊತೆಯವರೆಲ್ಲ ಒಟ್ಟಿಗೆ ಗೊರಕೆ ಹೊಡೆದರೂ ಹೋಬರ್ಟ್ ನಕ್ಕು ಸುಮ್ಮನಾಗುತ್ತಿದ್ದ. ಅವನು ಮುನಿಸಿಕೊಂಡದ್ದು ಬೇರೆಯದಕ್ಕೆ: ರೆಕಾರ್ಡಿನ ರಟ್ಟಿನ ಮೇಲಿನ ಚಿತ್ರದಲ್ಲಿ ಕ್ಲೀಟಸ್ ಇದ್ದ, ಬೋಳು ತಲೆಯವನೂ ಇದ್ದ, ತನ್ನದು ಒಂದು ಕಿವಿ ಮಾತ್ರ ಬಂದಿತ್ತು.

ಎರಡು ವರ್ಷದ ಮೇಲೆ ಇನ್ನೊಂದು ಆಲ್ಬಂ ಮಾಡೋಣವೆಂದು ಡಾಯ್ಲ್ ಫೋನು ಮಾಡಿದಾಗ, ಲೋವೆಟಾಗಿಂತ ಮೊದಲು ಟೈ ಕಟ್ಟಿಕೊಂಡು ಕಾರಿನಲ್ಲಿ ಕೂತವನು ಹೋಬರ್ಟ್.