ಸಮುದ್ರದಮ್ಮನಿಗೆ ಹೇಳಿದ ವಿಳಾಸ

ನಮ್ಮಮ್ಮ ಮೂರು ಊದುಬತ್ತಿ ಹಚ್ಚಿದ್ದನ್ನು ನಾನು ಮೊದಲು ಕಂಡದ್ದು ಮಿಶಿಗನ್ನಿನಲ್ಲಿ ನಾವಿರುವ ವಿಕ್ಸಮ್ ಎಂಬ ಊರಿನಲ್ಲಿ, ಕಾರಿನ ಬಿಡಿಭಾಗ ಕೊರೆಯುವ ಕಾರ್ಖಾನೆಯ ಪಕ್ಕದ ಶೆಡ್ಡಿನೊಳಗೆ. ಮೂರು ಎಂದರೆ ಆಗದವಳು ಆಕೆ. ಊಟಕ್ಕೆ ಕೂತವರಿಗೆ ಮೂರು ದೋಸೆ ಬಡಿಸುವುದಿಲ್ಲ, ಮೂರನೆಯದನ್ನು ಮುರಿದಾದರೂ ಹಾಕುತ್ತಾಳೆ. ಮೂವರು ಒಟ್ಟಿಗೆ ಹೊರಟರೆ ಒಬ್ಬರನ್ನು ಮೊದಲೇ ಗೇಟಿನಾಚೆ ಕಳಿಸುತ್ತಾಳೆ. ಅಂಥವಳು ಮೂರು ಬತ್ತಿಯನ್ನು ಎರಡು ಕೈಯಲ್ಲಿ ಹಣೆಯ ಮಟ್ಟಕ್ಕೆ ಹಿಡಿದು, ಕಿರೀಟದಿಂದ ಮುತ್ತಿನ ಜಾಲರಿ ಇಳಿಬಿಟ್ಟಿದ್ದ ಕಪ್ಪು ಮುಖದ ಚೀನೀ ದೇವಿಗೆ ಬಗ್ಗಿ ನಮಸ್ಕರಿಸುತ್ತಿದ್ದಳು. ಪಕ್ಕದಲ್ಲಿ ನಮ್ಮ ನೆರೆಮನೆಯ ಲಿನ್ ಆಂಟಿ. ಇಬ್ಬರೂ ಒಟ್ಟಿಗೆ ಬಗ್ಗಿದರು, ಒಟ್ಟಿಗೆ ಎದ್ದರು. ಅವರಿಬ್ಬರ ಕೈಚೀಲ ಹಿಡಿದುಕೊಂಡು ನಾನು ಹಿಂದೆ ನಿಂತಿದ್ದೆ.

ಹೊಟ್ಟೆ ಉರಿಯಿತು. ಊರಿನಲ್ಲಿ ಕೂತು ಓದುವ ನಿಮ್ಮ ಮುಂದೆ ನಾಚಿಕೆ ಏನು? ಎಪ್ಪತ್ತು ದಾಟಿದ ಚೀನೀ ಅಜ್ಜಿಯೊಬ್ಬಳ ಮೇಲೆ ನನಗೆ ಹೊಟ್ಟೆಕಿಚ್ಚು. ಈ ಬೇಸಿಗೆಯಿಡೀ ನಾನು ಅದನ್ನೇ ಉಂಡು ಅದನ್ನೇ ಹೊದ್ದು ಮಲಗಿದ್ದೇನೆ.

ಇಲ್ಲಿ ಸಬ್‌ಡಿವಿಷನ್ ಎನ್ನುತ್ತಾರೆ. ಒಂದೇ ಅಚ್ಚಿನ ಮನೆಗಳ ಬಡಾವಣೆ ಅಂದುಕೊಳ್ಳಿ. ನಾವು ಈ ಮನೆ ತೆಗೆದುಕೊಂಡು ಆರು ವರ್ಷವಾಯಿತು. ಮೈಸೂರಿನಲ್ಲಾಗಿದ್ದರೆ ಸಾಮಾನು ಇಳಿಸುವಷ್ಟರಲ್ಲಿ ಪಕ್ಕದ ಮನೆಯಿಂದ ಕಾಫಿ ಬರುತ್ತಿತ್ತು, ಕಾಫಿಯ ಹಿಂದೆಯೇ ಸಂಬಳ ಎಷ್ಟು ಎಂಬ ಪ್ರಶ್ನೆಯೂ ಬರುತ್ತಿತ್ತು. ಇಲ್ಲಿ ಲಿನ್ ಆಂಟಿ ಆರು ವರ್ಷದಲ್ಲಿ ನನ್ನೊಡನೆ ಆಡಿದ್ದು ಎರಡೇ ಮಾತು. ಹಿಮ ಗೋರುವಾಗ "ವೆರಿ ಕೋಲ್ಡ್", ಕಸದ ಡಬ್ಬಿ ಇಡಲು ಮರೆತರೆ "ಗಾರ್ಬೇಜ್ ಟುಡೇ". ಚಳಿಗಾಲ ಬಂತೆಂದರೆ ಬಾಗಿಲು ತಟ್ಟುವವರು ಪಾರ್ಸೆಲ್ಲಿನವರು ಮಾತ್ರ. ಇಲ್ಲಿನ ಜನವೇ ಹೀಗೆ ಎಂದು ನಾನು ನನ್ನನ್ನು ಸಮಾಧಾನ ಮಾಡಿಕೊಂಡಿದ್ದೆ.

ಅಪ್ಪ ತೀರಿಕೊಂಡ ಮೇಲೆ ಮೈಸೂರಿನ ಸರಸ್ವತಿಪುರದ ನಮ್ಮ ಮನೆ ಮಾರಿ ಆಯಿತು. ನನ್ನ ತಮ್ಮ ಹೆಂಡತಿಯೊಡನೆ ಅಪಾರ್ಟ್‌ಮೆಂಟಿಗೆ ಹೋದ, ಅಮ್ಮ ಅವನ ಜೊತೆ ಇದ್ದಳು. ಈ ವಸಂತದಲ್ಲಿ ನನ್ನಲ್ಲಿಗೆ ಬಂದಳು. ಬಂದ ದಿನದಿಂದ ನನ್ನದು ಒಂದೇ ರಾಗ.

"ಗ್ರೀನ್ ಕಾರ್ಡಿಗೆ ಅಪ್ಲೈ ಮಾಡ್ತೀನಮ್ಮಾ, ಇಲ್ಲೇ ಇದ್ಬಿಡು."

"ನೋಡೋಣ."

ನಮ್ಮ ಮನೆಯಲ್ಲಿ "ನೋಡೋಣ" ಎಂದರೆ "ಆಗಲ್ಲ" ಎಂದೇ ಅರ್ಥ. ಅಕ್ಟೋಬರಿನ ವಾಪಸ್ ಟಿಕೆಟ್ ಆಕೆಯ ಪಾಸ್‌ಪೋರ್ಟಿನೊಳಗೆ ಭದ್ರವಾಗಿತ್ತು. ಅಮ್ಮ ಇರುತ್ತಾಳೋ ಹೋಗುತ್ತಾಳೋ ಎನ್ನುವುದೊಂದೇ ನನಗೆ ಚಿಂತೆ.

ಬಂದು ಎರಡು ವಾರವೂ ಆಗಿರಲಿಲ್ಲ. ನಾನು ಫಿಸಿಯೊಥೆರಪಿಸ್ಟ್, ಕ್ಲಿನಿಕ್ಕಿನಲ್ಲಿ ಊರಿನವರ ಮಂಡಿ ಮಡಿಸಿ ಬಿಡಿಸಿ ಮನೆಗೆ ಬಂದರೆ ಅಮ್ಮನೇ ಇಲ್ಲ. ಕೋಣೆಕೋಣೆ ಹುಡುಕಿದೆ. ಅಷ್ಟರಲ್ಲಿ ಪಕ್ಕದ ಹಿತ್ತಲಿನಿಂದ ನಗು ಕೇಳಿಸಿತು. ಅಮ್ಮ ಮೋಟು ಸ್ಟೂಲಿನ ಮೇಲೆ ಕೂತು ಲಿನ್ ಆಂಟಿಯ ಹಾಗಲಬಳ್ಳಿಗೆ ದಾರ ಕಟ್ಟುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ ವರದಿ ಶುರು.

"ಪಾಪ, ಅವಳ ಸೊಸೆನೂ ಮಾತು ಕಮ್ಮಿಯಂತೆ ಕಣೆ."

"ಯಾವ ಭಾಷೇಲಿ ಹೇಳಿದ್ರಮ್ಮಾ ಅದನ್ನ?"

"ಸೊಸೆ ವಿಷಯಕ್ಕೆ ಭಾಷೆ ಯಾಕೆ ಬೇಕೇ?"

ಆಮೇಲೆ ಶನಿವಾರಗಳು ಶುರುವಾದವು. ಲಿನ್ ಆಂಟಿ ತನ್ನ ಹಳೆಯ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ತನ್ನ ದೇವಸ್ಥಾನಕ್ಕೆ ಹೋಗುವುದು, ಇಬ್ಬರೂ ಕಿತ್ತಳೆ ಹಣ್ಣು ತಿನ್ನುತ್ತ ವಾಪಸ್ಸಾಗುವುದು. ನಾನು ಕರೆದುಕೊಂಡು ಹೋದ ನಮ್ಮ ದೊಡ್ಡ ದೇವಸ್ಥಾನಕ್ಕೆ ಅಮ್ಮ ಒಮ್ಮೆ ಬಂದು "ಪಾರ್ಕಿಂಗ್ ಚೆನ್ನಾಗಿದೆ" ಎಂದಿದ್ದಳು. "ನಾನೂ ಬರ್ಲಾ ನಿಮ್ಮ ಜೊತೆ?" ಎಂದರೆ "ನಿಂಗ್ಯಾಕೆ, ವಾರವೆಲ್ಲ ದಣಿದಿರ್ತೀಯ, ಮಲಕ್ಕೊ" ಎಂದಳು. ಹಿತ್ತಲ ಗಿಡ ಮದ್ದಲ್ಲ, ಹೆತ್ತ ಮಗಳು ಮಾತಿಗಲ್ಲ. ನನ್ನ ಗಂಡ ಸುರೇಶ ಪೇಪರಿನಿಂದ ತಲೆ ಎತ್ತದೆ, "ಹೊಟ್ಟೆಯಿಂದ ಹೊಗೆ ಬರ್ತಿದೆ, ಸ್ಮೋಕ್ ಅಲಾರಂ ಹೊಡ್ಕೊಳತ್ತೆ ನೋಡು" ಎಂದ. ಅವನಿಗೆ ಆ ರಾತ್ರಿ ತಿಳಿಸಾರೇ ಗತಿಯಾಯಿತು.

ಲಿನ್ ಆಂಟಿ ಶೆಡ್ಡು ತೋರಿಸಿದರೆ ನಾನು ಶಿಕಾಗೊ ತೋರಿಸುತ್ತೇನೆ ಎಂದುಕೊಂಡೆ. ಅಲ್ಲಿ ಚೈನಾಟೌನ್ ಇದೆ, ದೊಡ್ಡ ಕೆಂಪು ಕಮಾನಿದೆ. ಇಂಟರ್ನೆಟ್ಟಿನಲ್ಲಿ ನೋಡಿ, ನೋಡಿಬಂದವರಿಂದ ತುಂಬ ನಕ್ಷತ್ರ ಸಿಕ್ಕಿದ್ದ "ಪುರಾತನ ಮಂದಿರ ಅನುಭವ"ಕ್ಕೆ ಟಿಕೆಟ್ ಬುಕ್ ಮಾಡಿದೆ. ನಾಲ್ಕೂವರೆ ಗಂಟೆ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಅಮ್ಮ "ಲಿನ್ನೂ ಬಂದಿದ್ರೆ ಚೆನ್ನಾಗಿರ್ತಿತ್ತು" ಎಂದು ಹೆದ್ದಾರಿಯ ಪ್ರತಿ ಎಕ್ಸಿಟ್ಟಿಗೂ ಒಮ್ಮೆ ಹೇಳಿದಳು.

ದೂರದ ಬೆಟ್ಟ ನುಣ್ಣಗೆ. ಮಂದಿರವೆಂಬುದು ಉಡುಗೊರೆ ಅಂಗಡಿಯೊಂದರ ಮೇಲಿನ ಕೋಣೆ. ರೇಷ್ಮೆ ನಿಲುವಂಗಿ ತೊಟ್ಟ ಒಬ್ಬ ಯುವಕ ಗಂಟೆ ಅಲ್ಲಾಡಿಸಿ ನಮ್ಮಿಬ್ಬರ ಕೈಗೂ ಹಸಿರು ಕಲ್ಲಿನ ಬಳೆ ತೊಡಿಸಿದ. ಅಮ್ಮನ ಸುತ್ತ ಏನೋ ಕರಿನೆರಳಿದೆ, ದೊಡ್ಡ ಮೇಣದಬತ್ತಿ ಕೊಂಡರೆ ಹೋಗುತ್ತದೆ ಎಂದ. ಹಾಗೇ ಬುದ್ಧನ ತೊಡೆಯ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಬಹುದು ಎಂದ. ಅಮ್ಮ ಅವನ ಮಾತು ಕೇಳಲೇ ಇಲ್ಲ. ಸೀದಾ ಹೋಗಿ ಊದುಬತ್ತಿ ಸಿಗಿಸುವ ಹಿತ್ತಾಳೆ ಪಾತ್ರೆಯೊಳಗೆ ಇಣುಕಿದಳು.

"ಬೂದಿನೇ ಇಲ್ವಲ್ಲೇ ಇದ್ರಲ್ಲಿ."

ನಾನೂ ಇಣುಕಿದೆ. ತೊಳೆದ ಮರಳು, ಒಂದು ಬತ್ತಿಯ ಕಡ್ಡಿಯೂ ಇಲ್ಲ. ತಟ್ಟೆಯ ಹಣ್ಣು ಮೇಣದ್ದು. ನಮ್ಮಂತೆ ಟಿಕೆಟ್ ತೆಗೆದುಕೊಂಡು ಬಂದವರ ಹೊರತು ಕೈಮುಗಿಯುವ ಒಂದು ಚೀನೀ ಮುಖವೂ ಅಲ್ಲಿರಲಿಲ್ಲ.

"ಅಂಗಡಿ ಚೆನ್ನಾಗಿದೆ, ದೇವರು ಬಂದಿಲ್ಲ ಇನ್ನೂ. ನಡಿ" ಎಂದಳು ಅಮ್ಮ.

ನಿಮ್ಮಲ್ಲಿ ಯಾರಾದರೂ ಇತ್ತ ಬಂದು ಚೀನೀ ದೇವಸ್ಥಾನ ನೋಡಬೇಕೆಂದರೆ ಇದೊಂದು ನೆನಪಿರಲಿ: ನಕ್ಷತ್ರ ಎಣಿಸಬೇಡಿ, ಬೂದಿ ನೋಡಿ. ಬಾಗಿಲಲ್ಲಿ ಟಿಕೆಟ್ ಕೇಳಿದರೆ, ಒಳಗೆ ಬಳೆ ತೊಡಿಸಿದರೆ, ನಿಮ್ಮ ಗ್ರಹಚಾರ ಹೇಳಿ ಹೆದರಿಸಿದರೆ ಬಂದ ದಾರಿ ಹಿಡಿಯಿರಿ. ಅದೇ ಬೀದಿಯ ಆಸುಪಾಸಿನಲ್ಲಿ ನಿಜವಾದ ದೇವಸ್ಥಾನ ಇದ್ದೇ ಇರುತ್ತದೆ, ಬೋರ್ಡು ಸಣ್ಣದಿರುತ್ತದೆ, ತರಕಾರಿ ಚೀಲ ಹಿಡಿದ ಅಜ್ಜಿಯರು ಒಳಗೆ ಹೋಗುತ್ತಿರುತ್ತಾರೆ. ನಾನು ಸಿಟ್ಟಿನಲ್ಲಿ ಅದನ್ನು ಹುಡುಕಲೂ ಹೋಗಲಿಲ್ಲ.

ಸಿಟ್ಟು ಇಳಿಯಲೆಂದು ಅಮ್ಮನನ್ನು ಡೆವನ್ ಅವೆನ್ಯೂಗೆ ಕರೆದೊಯ್ದೆ. ನಮ್ಮವರ ಅಂಗಡಿಗಳ ಬೀದಿ ಅದು, ಪಾರ್ಕಿಂಗ್ ಸಿಗುವಷ್ಟರಲ್ಲಿ ಜೀವ ಹೋಗಿ ಬರುತ್ತದೆ. ಅಮ್ಮ ಹುಡುಕಿ ಹುಡುಕಿ ಮೈಸೂರಿನ ಗಂಧದ ಕಡ್ಡಿಯ ಪೊಟ್ಟಣ ತೆಗೆದುಕೊಂಡಳು. ಜೊತೆಗೆ ಕೋಡುಬಳೆ.

"ನಮ್ಮ ದೇವರ ಮನೇಲಿ ಕಡ್ಡಿ ಇದೆಯಲ್ಲಮ್ಮಾ."

"ಇದು ಲಿನ್‌ಗೆ. ಕೋಡುಬಳೆನೂ ಅವಳಿಗೇ. ಹಲ್ಲು ಗಟ್ಟಿಯಾಗಿದೆ ಅವಳದು."

ಮೈ ಪರಚಿಕೊಳ್ಳುವಂತಾಯಿತು. ಇಷ್ಟು ಮೈಲಿ ಓಡಿಸಿದವಳು ನಾನು, ಕೋಡುಬಳೆ ಅವಳಿಗೆ.

ಮುಂದಿನ ಶನಿವಾರ ನಾನು ಕೇಳಲಿಲ್ಲ. ಲಿನ್ ಆಂಟಿಯ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತೆ. ದಾರಿಯಲ್ಲಿ ಅಮ್ಮ ನನಗೆ ಶಾಲೆಯ ಮೊದಲ ದಿನದ ಮಗುವಿಗೆ ಹೇಳುವಂತೆ ಪಾಠ ಹೇಳಿದಳು.

"ಬಲಗಡೆ ಬಾಗಿಲಿಂದ ಒಳಗೆ, ಎಡಗಡೆಯಿಂದ ಆಚೆ. ನಡುವಿನದು ದೇವರಿಗೆ. ಹೊಸಿಲು ತುಳೀಬೇಡ, ದಾಟು. ದೇವರಿಗೆ ಬೆರಳು ತೋರಿಸ್ಬೇಡ. ಬತ್ತಿ ಬಾಯಲ್ಲಿ ಊದಬೇಡ, ಕೈಯಲ್ಲಿ ಬೀಸಿ ಆರಿಸು. ಫೋನ್ ಬ್ಯಾಗಲ್ಲೇ ಇರ್ಲಿ."

"ಚಪ್ಪಲಿ?"

"ಹಾಕ್ಕೊಂಡೇ ಹೋಗ್ಬೋದು. ನಂಗೂ ಮೊದಮೊದಲು ಕಸಿವಿಸಿ ಆಗ್ತಿತ್ತು."

ಶೆಡ್ಡಿನ ಶಟರ್ ತೆಗೆದು ಮೂರು ಕೆಂಪು ಬಾಗಿಲು ಕೂರಿಸಿದ್ದರು. ಒಳಗೆ ಹೊಗೆ, ಕಿತ್ತಳೆಯ ಪರಿಮಳ, ಬೂದಿ ತುಂಬಿ ತುಳುಕುವ ಪಾತ್ರೆ. ದೇವಿಯ ಹೆಸರು ಮಾಜು. ಸಮುದ್ರ ದಾಟುವವರನ್ನು ಕಾಯುವವಳು. ಲಿನ್ ಆಂಟಿಯವರ ತೈವಾನಿನಲ್ಲಿ ಬೀದಿಗೊಂದು ಗುಡಿಯಂತೆ. ಅಮ್ಮ ಆಕೆಗೆ "ಸಮುದ್ರದಮ್ಮ" ಎಂದು ಹೆಸರಿಟ್ಟಿದ್ದಳು. ಎಲ್ಲ ಪಾಠ ಕೇಳಿಯೂ ನಾನು ಮಾಡಬಾರದ್ದನ್ನು ಮಾಡಿದೆ. ಬಾಗಿಲ ಪಕ್ಕ ದೊಡ್ಡ ಗಂಟೆ ತೂಗಿತ್ತು. ಹುಟ್ಟಿನಿಂದ ಬಂದ ಅಭ್ಯಾಸ, ಕೈ ತಾನಾಗಿ ಹೋಯಿತು, ಢಣ್ ಎಂದು ಬಾರಿಸಿದೆ. ಪ್ರಾರ್ಥನೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅದನ್ನು ವಿಶೇಷ ಪೂಜೆಯ ದಿನ ಅಲ್ಲಿನವರೇ ಹೊಡೆಯುವುದಂತೆ.

"ಥೂ, ಕೇಳ್ದೆ ಯಾಕೆ ಹೊಡ್ದೆ? ಮಾನ ಕಳೀತೀಯ" ಎಂದು ಅಮ್ಮ ಹಲ್ಲು ಕಚ್ಚಿದಳು. ಲಿನ್ ಆಂಟಿ ಮಾತ್ರ ನನ್ನ ಭುಜ ತಟ್ಟಿ "ಓಕೆ, ಓಕೆ. ಶೀ ಹಿಯರ್ ಯು" ಎಂದಳು. ಅವಳು ಒಳ್ಳೆಯವಳಾಗಿದ್ದದ್ದು ನನಗೆ ಇನ್ನಷ್ಟು ಉರಿ.

ಆಮೇಲೆಯೇ ಆ ಮೂರು ಊದುಬತ್ತಿ. ನಮಸ್ಕಾರ ಮುಗಿದ ಮೇಲೆ ಲಿನ್ ಆಂಟಿ ಎರಡು ಕೆಂಪು ಮರದ ತುಂಡು ತಂದು ಅಮ್ಮನ ಕೈಗಿಟ್ಟಳು. ಗೇರುಬೀಜದ ಆಕಾರ, ಒಂದು ಮೈ ಚಪ್ಪಟೆ, ಒಂದು ಮೈ ಉಬ್ಬು. ಹೆಸರು ಜಿಯಾವ್‌ಬೇ. ದೇವಿಯನ್ನು ಕೇಳಿ ಇವನ್ನು ನೆಲಕ್ಕೆ ಬಿಡಬೇಕು. ಒಂದು ಚಪ್ಪಟೆ, ಒಂದು ಉಬ್ಬು ಮೇಲಾಗಿ ಬಿದ್ದರೆ ಆಗಲಿ ಎಂದರ್ಥ. ಎರಡೂ ಉಬ್ಬು ಮೇಲಾದರೆ ಬೇಡ. ಎರಡೂ ಚಪ್ಪಟೆ ಮೇಲಾದರೆ ದೇವಿ ನಗುತ್ತಿದ್ದಾಳೆ, ಪ್ರಶ್ನೆಯಲ್ಲೇ ಏನೋ ಎಡವಟ್ಟು.

"ನಮ್ಮ ಕಡೆ ಹೂ ಕೇಳಲ್ವಾ, ಬಲಗಡೆ ಬಿದ್ರೆ ಆಗತ್ತೆ ಅಂತ? ಅದೇ ಇದು" ಎಂದಳು ಅಮ್ಮ. "ಆದ್ರೆ ಮೊದಲು ಹೆಸರು, ಮನೆ ಎಲ್ಲಿ ಅಂತ ಬಾಯಿಬಿಟ್ಟು ಹೇಳ್ಬೇಕು. ಇಲ್ದಿದ್ರೆ ಅವಳಿಗೆ ಹೇಗೆ ಗೊತ್ತಾಗತ್ತೆ?"

ಮಂಡಿಯೂರಿದಳು. ತುಂಡುಗಳನ್ನು ಎದೆಗೊತ್ತಿಕೊಂಡು ಕನ್ನಡದಲ್ಲೇ ಶುರುಮಾಡಿದಳು. "ನಾನು ಶಾರದಮ್ಮ. ಕಾಶ್ಯಪ ಗೋತ್ರ, ರೋಹಿಣಿ ನಕ್ಷತ್ರ." ಈಗ ತಮ್ಮನ ಅಪಾರ್ಟ್‌ಮೆಂಟಿನ ಹೆಸರು ಬರುತ್ತದೆ ಎಂದುಕೊಂಡೆ.

"ಮನೆ ವಿಕ್ಸಮ್ಮು. ಲಿನ್ ಮನೆ ಪಕ್ಕದ್ದು, ಬೂದು ಬಣ್ಣದ ಗರಾಜು. ಟಿಕೆಟ್ ಕ್ಯಾನ್ಸಲ್ ಮಾಡಿಸಿ ಇಲ್ಲೇ ಇದ್ಬಿಡ್ಲೇನಮ್ಮ?"

ತುಂಡುಗಳು ಬಿದ್ದವು. ಒಂದು ಚಪ್ಪಟೆ, ಒಂದು ಉಬ್ಬು. ಖಾತ್ರಿಗೆಂದು ಮತ್ತೆರಡು ಸಲ ಬಿಟ್ಟಳು, ಹಾಗೇ ಬಿದ್ದವು. ಲಿನ್ ಆಂಟಿ ಚಪ್ಪಾಳೆ ತಟ್ಟಿದಳು. ನನ್ನ ಕಣ್ಣು ತುಂಬಿತು. ನಾನು ತಿಂಗಳುಗಟ್ಟಲೆ ಬೇಡಿಕೊಂಡದ್ದು ಒಂದೇ ಮಾತಿಗೆ ಆಗಿಹೋಗಿತ್ತು. ಖುಷಿ ಆಯಿತು, ಸುಳ್ಳು ಹೇಳಲಾರೆ. ಆದರೆ "ಮಗಳ ಮನೆ" ಅನ್ನಬಹುದಿತ್ತಲ್ಲ? ಕಂತು ಕಟ್ಟುತ್ತಿರುವವಳು ನಾನು, ಗುರುತು ಲಿನ್ ಮನೆಯದ್ದೇ?

ತಡೆಯಲಾಗಲಿಲ್ಲ. ತುಂಡುಗಳನ್ನು ಎತ್ತಿಕೊಂಡು ನಾನೂ ಮಂಡಿಯೂರಿದೆ. ಹೆಸರು, ಮನೆ ಬಾಯಿಬಿಟ್ಟು ಹೇಳಿದೆ. ಅಮ್ಮ ಉಳಿಯುತ್ತಿರುವುದು ನನಗಾಗಿ ತಾನೇ ಎಂದು ಮನಸ್ಸಿನಲ್ಲೇ ಕೇಳಿ ಕೈಬಿಟ್ಟೆ.

ಎರಡೂ ಚಪ್ಪಟೆ ಮೇಲೆ.

"ಗಾಡೆಸ್ ಲಾಫಿಂಗ್!" ಎಂದು ಲಿನ್ ಆಂಟಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ತಾನೂ ನಕ್ಕಳು.

"ಅವಳ್ಯಾಕಮ್ಮಾ ನಗಬೇಕು ನನ್ನ ನೋಡಿ?" ನನಗೆ ಅಳುವೇ ಬಂತು.

ಅಮ್ಮ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, ಚಿಕ್ಕಂದಿನಲ್ಲಿ ಜ್ವರ ಬಂದಾಗ ಮಾತಾಡಿಸುತ್ತಿದ್ದ ದನಿಯಲ್ಲಿ ಹೇಳಿದಳು.

"ಸರಸ್ವತಿಪುರಂ, ಐದನೇ ಮೇನು ಅಂದ್ಯಲ್ಲೇ ಪುಟ್ಟಿ. ಆ ಮನೇಲಿ ಈಗ ಯಾರೋ ಇದಾರೆ. ಅಡ್ರೆಸ್ಸೇ ತಪ್ಪು ಹೇಳಿದ್ರೆ ನಗದೆ ಇನ್ನೇನು ಮಾಡ್ತಾಳೆ? ಸರಿಯಾಗಿ ಹೇಳಿ ಇನ್ನೊಂದ್ ಸಲ ಕೇಳು."

ಲಿನ್ ಆಂಟಿ ಅಮ್ಮನ ಮೊಣಕೈ ಹಿಡಿದು ಎಬ್ಬಿಸಿದಳು. ಹಣ್ಣು ಹೆಚ್ಚಲು ಇಬ್ಬರೂ ಕೈಹಿಡಿದುಕೊಂಡು ಹಿಂದಿನ ಅಡುಗೆಮನೆಗೆ ಹೋದರು. ನಾನು ತುಂಡುಗಳನ್ನು ಮತ್ತೆ ಎದೆಗೊತ್ತಿಕೊಂಡು ಹೆಸರು ಹೇಳಿದೆ. ಮನೆ ಎಲ್ಲಿ ಎನ್ನುವಲ್ಲಿಗೆ ಬಂದು ಬಾಯಿ ಕಟ್ಟಿತು. ಹಾಗೇ ಕೂತಿದ್ದೆ, ಅಮ್ಮ ಒಳಗಿನಿಂದ ಹಣ್ಣಿಗೆ ಕರೆಯುವವರೆಗೂ.