ತುಕಿಜಾನನಿಗೆ ತೆಂಕಣ ಸಿಕ್ಕಿದ ಸಂಜೆ

ನಮ್ಮ ಯೋಗ್ಯಕರ್ತ ನಗರದಲ್ಲಿ ಎಡ-ಬಲ ಹೇಳುವವರು ಕಡಿಮೆ. ತಟ್ಟೆಯನ್ನು ಮೂಡಣಕ್ಕೆ ಸರಿಸು ಎನ್ನುತ್ತೇವೆ, ಮನೆ ಕೇಳಿದರೆ ಬಾವಿಯ ಪಡುವಣಕ್ಕೆ ಎನ್ನುತ್ತೇವೆ. ಸೈಕಲ್ ರಿಕ್ಷಾ ತುಳಿಯುವ ತುಕಿಜಾನನಂತೂ ಬಲಗೈ ಯಾವುದೆಂದರೆ ಊಟದ ಕೈ ಯಾವುದೆಂದು ಮೊದಲು ನೋಡಿಕೊಳ್ಳುತ್ತಾನೆ.

ಹೆಂಡತಿ ಸತ್ತ ಮೇಲೆ ಅವನು ಅಡುಗೆ ಕಲಿತ, ಚೆನ್ನಾಗಿ ಕಲಿಯಲಿಲ್ಲ. ಮತ್ತೆ ಮದುವೆಗೆ ಕೇಳಿದ್ದು ಒಬ್ಬಳನ್ನೇ: ಅರಮನೆಯ ಹಿಂದಿನ ಮೈದಾನದಲ್ಲಿ ಕಣ್ಣುಪಟ್ಟಿ ಬಾಡಿಗೆಗೆ ಕೊಡುವ ವಿಧವೆ ರುಬಿಯೆಮ್‌ಳನ್ನು. ಅಲ್ಲಿ ಎರಡು ಆಲದ ಮರಗಳಿವೆ. ಕಣ್ಣು ಕಟ್ಟಿಕೊಂಡು ಅವುಗಳ ನಡುವೆ ತೆಂಕಣಕ್ಕೆ ದಾಟಿದವರ ಮನಸ್ಸು ಶುದ್ಧ, ಅವರು ಬಯಸಿದ್ದು ಕೈಗೂಡುತ್ತದೆ ಎಂದು ನಂಬಿಕೆ. ಹೆಚ್ಚಿನವರು ಸೊಟ್ಟಗೆ ಹೋಗುತ್ತಾರೆ. "ದಾಟಿ ಬನ್ನಿ, ಆಮೇಲೆ ಮಾತು" ಎಂದಿದ್ದಳು ರುಬಿಯೆಮ್. ವರ್ಷವಾದರೂ ಅವನು ದಾಟಿರಲಿಲ್ಲ.

ಆ ಸಂಜೆ ನನ್ನ ಮನೆಯಲ್ಲಿ ಇಳಿದುಕೊಂಡಿದ್ದ ಫೆರ್ನಾಂಡಾಳನ್ನು ಊರು ನೋಡಲು ಅವನ ರಿಕ್ಷಾದಲ್ಲಿ ಕರೆದೊಯ್ದೆ. ಲಿಸ್ಬನ್‌ನಲ್ಲಿ ಟ್ರಾಮ್ ಓಡಿಸಿ ನಿವೃತ್ತಳಾದ ದಪ್ಪ ಹೆಂಗಸು. ನಮ್ಮ ಮಾತು ಪುಸ್ತಕದಿಂದ ಕಲಿತವಳು. ಮೈದಾನದಲ್ಲಿ ಪಟ್ಟಿ ಕಟ್ಟಿಸಿಕೊಂಡು, ನಗುತ್ತ, ಮೊದಲ ಸಲಕ್ಕೇ ನೇರವಾಗಿ ದಾಟಿಬಿಟ್ಟಳು.

"ಏನು ಬೇಡ್ಕೊಂಡ್ರಿ, ಬು?" ಎಂದು ತುಕಿಜಾನ್ ಆಸೆಯಿಂದ ಕೇಳಿದ. ದೊಡ್ಡ ಹೆಂಗಸರನ್ನು ನಾವು ಬು ಎನ್ನುತ್ತೇವೆ, ಗಂಡಸರನ್ನು ಪಾಕ್.

"ಬೇಡ್ಕೋಬೇಕಿತ್ತಾ? ಅಯ್ಯೋ, ಮರ್ತೇ ಹೋಯ್ತು!"

ತುಕಿಜಾನನ ಕತೆಯನ್ನು ಅಲ್ಲೇ ಗಾಡಿಯಿಟ್ಟುಕೊಂಡಿದ್ದ ಶುಂಠಿ ಪಾನಕದವನು ಅವಳಿಗೆ ಒಪ್ಪಿಸಿದ. ಅವಳು ತೋಳು ಮಡಿಸಿದಳು. "ನಡೀರಿ ಪಾಕ್, ನಾನು ದಾರಿ ಹೇಳ್ತೀನಿ. ಆಯುಷ್ಯವೆಲ್ಲ ಟ್ರಾಮ್ ಓಡ್ಸಿದವಳು ನಾನು."

"ಟ್ರಾಮಿಗೆ ಹಳಿ ಇರತ್ತಲ್ಲ, ಬು?"

ರುಬಿಯೆಮ್ ಅವನ ಕಣ್ಣು ಬಿಗಿದು, ಮೂರು ಸುತ್ತು ತಿರುಗಿಸಿ ಬಿಟ್ಟಳು. ಹುಟ್ಟಿದಾಗಿನಿಂದ ದಿಕ್ಕು ತಪ್ಪದವನಿಗೆ ಈ ಮೂರು ಸುತ್ತೇ ಶತ್ರು.

"ಎಡಕ್ಕೆ!" ಎಂದು ಫೆರ್ನಾಂಡಾ ಕೂಗಿದಳು. ಅವನು ನಿಂತು, ಊಟದ ಕೈಯನ್ನು ಬಾಯಿಗೆ ತಂದು ಪರೀಕ್ಷಿಸಿ, ಬಲಕ್ಕೆ ಹೋದ. "ಅಲ್ಲ, ಎಡಕ್ಕೆ! ಎಡಕ್ಕೆ!" ಶುಂಠಿ ಪಾನಕದ ಗಾಡಿಗೆ ಹೊಟ್ಟೆ ತಾಗಿತು. ಕ್ಷಮೆ ಕೇಳಿದ, ಗಾಡಿಗೆ. ಅಲ್ಲಿಂದ ತಿರುಗಿ ಪೊಲೀಸಿನವನೊಬ್ಬನನ್ನು ಮರವೆಂದು ತಬ್ಬಿಕೊಂಡ.

"ನಾನು ಆಲ ಅಲ್ಲ ಮಾರಾಯ, ಬಿಡಯ್ಯಾ!"

ಮೈದಾನವೆಲ್ಲ ನಗುತ್ತಿತ್ತು. ನಾನೂ ನಕ್ಕೆ. ಅವನು ಮಾತ್ರ ಕೈ ಚಾಚಿಕೊಂಡು ನಿಂತುಬಿಟ್ಟ. "ತೆಂಕಣ ಎಲ್ಲಿದೆ? ಯಾರಾದ್ರೂ ಹೇಳ್ರಪ್ಪ, ತೆಂಕಣ ಎಲ್ಲಿ?"

ಆಗ ರುಬಿಯೆಮ್ ಪಟ್ಟಿಗಳ ಕಟ್ಟನ್ನು ನನ್ನ ಮಡಿಲಿಗೆ ಎಸೆದು, ಉಟ್ಟ ಬಟ್ಟೆಯನ್ನು ಮೊಣಕಾಲಿನ ತನಕ ಎತ್ತಿಕೊಂಡು, ಮರಗಳ ನಡುವೆ ಓಡಿ ಆಚೆ ನಿಂತಳು.

"ಇಲ್ಲಿದೀನಿ! ನಾನು ನಿಂತಿರೋದೇ ತೆಂಕಣ! ಕಿವಿ ಇಲ್ವಾ ನಿಮ್ಗೆ? ಬನ್ನಿ!"

ಅವನು ದನಿಯತ್ತ ಮುಖ ಮಾಡಿದ. ಆಮೇಲೆ ಒಂದು ಹೆಜ್ಜೆಯೂ ಸೊಟ್ಟವಾಗಲಿಲ್ಲ.

"ಇದು ಮೋಸ! ಕಣ್ಣು ಕಟ್ಟಿದವಳೇ ಕರೆದ್ರೆ ಲೆಕ್ಕಕ್ಕಿಲ್ಲ!" ಎಂದ ಪಾನಕದವನು.

"ಪಟ್ಟಿ ನಂದು, ಷರತ್ತು ನಂದು. ನೀವು ಶುಂಠಿ ಕುದಿಸಿ" ಎಂದಳು ರುಬಿಯೆಮ್, ತುಕಿಜಾನನ ಕಣ್ಣುಪಟ್ಟಿಯ ಗಂಟು ಬಿಚ್ಚುತ್ತ.

ಫೆರ್ನಾಂಡಾ ಇಬ್ಬರನ್ನೂ ರಿಕ್ಷಾದ ಮುಂದಿನ ಸೀಟಿಗೆ ತಳ್ಳಿ, ಹಿಂದೆ ತುಕಿಜಾನನ ಜಾಗದಲ್ಲಿ ತಾನೇ ಪೆಡಲ್ ಹತ್ತಿದಳು. ಗಾಡಿ ಹಾವಿನಂತೆ ಹರಿಯುತ್ತ ಮೈದಾನ ಸುತ್ತತೊಡಗಿತು. ಮೈದಾನದಲ್ಲಿ ಜನ ಮೋಜಿಗೆ ತುಳಿಯುವ ಮಿಣುಕು ದೀಪದ ಬಾಡಿಗೆ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತ ಬೆನ್ನು ಹತ್ತಿದವು. ರುಬಿಯೆಮ್ "ನಿಲ್ಸೇ, ಮಾನ ಹೋಯ್ತು" ಎಂದು ಬೈಯುತ್ತಲೇ ಇದ್ದಳು. ಇಳಿಯುವ ಲಕ್ಷಣವಂತೂ ಕಾಣಲಿಲ್ಲ.