ಹೆಟ್ಟಿಯ ಮನೆಯ ರೇಡಿಯೊ ಬ್ಯಾಟರಿ

ರಾಚ್‌ಡೇಲ್ ಊರಲ್ಲಿ ನಮ್ಮ ಎದುರು ಮನೆಯ ಹೆಟ್ಟಿ ಓಗ್ಡನ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಗ ವಿಲ್ಫ್ರೆಡ್ ಫ್ರಾನ್ಸಿನ ಯುದ್ಧದಲ್ಲಿ ಕಾಣೆಯಾಗಿದ್ದಾನೆಂದು ನಲವತ್ತನೇ ಇಸವಿಯ ಜೂನ್‌ನಲ್ಲಿ ತಂತಿ ಬಂದಿತ್ತು. ಅಂದಿನಿಂದ ಲಂಡನ್ ರೇಡಿಯೊದ ಬೆಳಿಗ್ಗೆ ಏಳರ ವಾರ್ತೆ, ಮಧ್ಯಾಹ್ನ ಒಂದರದು, ಸಂಜೆ ಆರರದು, ಯಾವುದನ್ನೂ ಬಿಟ್ಟವಳಲ್ಲ. ನಡುವೆ ಹೊಸ್ತಿಲು ತಿಕ್ಕುವಳು; ತಿಕ್ಕಿದ್ದನ್ನೇ ಮತ್ತೆ ತಿಕ್ಕುವಳು.

ಸೆರೆಸಿಕ್ಕ ನಮ್ಮ ಹುಡುಗರ ಹೆಸರನ್ನು ಜರ್ಮನ್ ರೇಡಿಯೊ ಓದುತ್ತದೆಂದು ನಾನು ಅದನ್ನೂ ಹಾಕುತ್ತಿದ್ದೆ. ಅದಕ್ಕೆ ಅವಳು ಬೀದಿಗೆಲ್ಲ ಕೇಳುವಂತೆ ಬೈದಿದ್ದಳು.

"ಆ ಜರ್ಮನರು ಬೊಗಳೋದನ್ನ ಮನೆಯೊಳಗೆ ಬಿಟ್ಕೊಳ್ತೀಯಲ್ಲೇ ಐವಿ, ನಾಚಿಕೆ ಆಗಲ್ವಾ? ನನ್ನ ಮನೇಲಿ ಲಂಡನ್ ಬಿಟ್ರೆ ಇನ್ನೊಂದು ದನಿ ಇಲ್ಲ!"

ನನಗೆ ಮೈಯೆಲ್ಲ ಉರಿದಿತ್ತು.

ಸೆಪ್ಟೆಂಬರಿನ ಒಂದು ಗುರುವಾರ ಬೆಳಿಗ್ಗೆ ಅವಳು ರೇಡಿಯೊದ ಬ್ಯಾಟರಿ ಹಿಡಿದು ಚಾರ್ಜ್ ಮಾಡುವ ಅಂಗಡಿಗೆ ಹೊರಟಿದ್ದಳು.

"ಸೋಮವಾರ ತಾನೆ ಚಾರ್ಜ್ ಮಾಡಿಸ್ಕೊಂಡು ಬಂದ್ಯಲ್ಲೇ? ನಂದು ಎಂಟು ದಿನ ಬರುತ್ತೆ," ಎಂದೆ.

"ಅಂಗಡಿಯೋನು ಮೋಸಗಾರ," ಎಂದು ಮುಖ ತಿರುಗಿಸಿ ನಡೆದಳು.

ಅಂದೇ ಸಂಜೆ ಜರ್ಮನ್ ರೇಡಿಯೊ ಓದಿದ ಏಳನೆಯ ಹೆಸರು ವಿಲ್ಫ್ರೆಡ್ ಓಗ್ಡನ್, ನಮ್ಮ ಬೀದಿಯ ವಿಳಾಸ ಸಮೇತ. ಏಪ್ರನ್‌ನಲ್ಲೇ ಓಡಿಹೋಗಿ ಬಾಗಿಲು ಬಡಿದೆ.

"ಹೆಟ್ಟಿ, ನಿನ್ನ ಮಗ ಬದುಕಿದಾನೆ ಕಣೇ!"

ಬಾಗಿಲು ತೆರೆದವಳ ಕಣ್ಣು ಆಗಲೇ ಅತ್ತು ಕೆಂಪಾಗಿತ್ತು. ಅವಳ ಬೆನ್ನ ಹಿಂದೆ, ನಾನು ನನ್ನ ಮನೆಯಲ್ಲಿ ಬಿಟ್ಟುಬಂದ ಅದೇ ದನಿ ಹತ್ತನೆಯದೋ ಹನ್ನೊಂದನೆಯದೋ ಹೆಸರು ಓದುತ್ತಿತ್ತು.

"ಒಳಗೆ ಬಾರೇ," ಎಂದಳು ಹೆಟ್ಟಿ. "ಮೊದಲು ಬಾಗಿಲು ಹಾಕು. ಬೀದಿಗೆಲ್ಲ ಕೇಳಿಸುತ್ತೆ."